ಎದುರು ಮನೆಯ ಪ್ರಸ್ಥಾನ

“ಬುದ್ಧಿ, ಕಾಯೋದಕ್ಕೂ ಒಂದು ಮಿತಿ ಅಂತ ಇರಲ್ವಾ? ಇನ್ನೂ ಎಷ್ಟು ದಿನ ಅಂತ ಕಾಯ್ಲಿ?”

ಮಠದ ಜಗಲಿಯಲ್ಲಿ ಕುಳಿತು ದಾಕ್ಷಾಯಿಣಿ ಗುರುಗಳನ್ನು ಹೀಗೆ ಕೇಳಿದಳು. ಕೇಳಿದಳು ಎನ್ನುವುದಕ್ಕಿಂತ ಸಿಡುಕಿದಳು ಎನ್ನಬೇಕು. ಗುರುಗಳ ಮುಂದೆ ಸಿಡುಕುವ ಸಲುಗೆ ಅವಳಿಗೆ ಚಿಕ್ಕಂದಿನಿಂದಲೂ ಇತ್ತು.

ಸಿಡುಕಿಗೆ ಕಾರಣವೂ ಇತ್ತು. ದಾಕ್ಷಾಯಿಣಿ ಆ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು. ಕಡಲಾಚೆಯ ಒಂದು ದೇಶದಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ ಅವಳಿಗೆ ಸಿಕ್ಕಿತು. ಕೆಲಸವೇನೋ ಸಿಕ್ಕಿತು, ಅಲ್ಲಿ ಹೋಗಿ ಕೆಲಸ ಮಾಡುವುದಕ್ಕೆ ಬೇಕಾದ ವೀಸಾ ಸಿಗಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ನಂಬಿ ಅವಳು ಶಾಲೆಗೆ ರಾಜೀನಾಮೆ ಕೊಟ್ಟಳು. ಶಾಲೆಯವರು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಭಾಷಣ ಮಾಡಿದರು. ಮಕ್ಕಳು ಅತ್ತರು. ಬುಟ್ಟಿಯ ಹಣ್ಣು ಮುಗಿಯಿತು, ಆ ವರ್ಷದ ಮಳೆಗಾಲವೂ ಮುಗಿಯಿತು. ದಾಕ್ಷಾಯಿಣಿ ಊರಲ್ಲೇ ಇದ್ದಳು.

ವೀಸಾದವರು ಸುಮ್ಮನಿದ್ದರೂ ಒಂದು ರೀತಿ ಇರುತ್ತಿತ್ತು. ಅವರು ಸುಮ್ಮನಿರಲಿಲ್ಲ. ಒಮ್ಮೆ ಫೋಟೋದಲ್ಲಿ ಕಿವಿ ಕಾಣುವುದಿಲ್ಲ ಎಂದರು. ಕಿವಿ ತೋರಿಸಿ ಕಳುಹಿಸಿದಳು. ಪದವಿ ಪತ್ರಕ್ಕೆ ಇನ್ನೊಂದು ಮೊಹರು ಬೇಕು ಎಂದರು. ಮೊಹರು ಹಾಕಿಸುವಷ್ಟರಲ್ಲಿ ಪೊಲೀಸರು ಕೊಟ್ಟಿದ್ದ ನಡತೆಯ ಪತ್ರದ ಅವಧಿ ಮುಗಿದಿತ್ತು. ಅಷ್ಟು ದಿನದಲ್ಲಿ ತಾನು ಯಾರ ಮನೆಗೆ ಕನ್ನ ಹಾಕಿಬಿಟ್ಟೆ ಎಂದು ಅವಳಿಗೇ ತಿಳಿಯಲಿಲ್ಲ. ಫೋನು ತೆರೆದರೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಮಾತು. ಬೀದಿಗೆ ಇಳಿದರೆ “ಇನ್ನೂ ಹೋಗಿಲ್ವೇನಮ್ಮ?” ಎಂಬ ಒಂದೇ ಪ್ರಶ್ನೆ. ಹಾಲಿನವನು ಕೇಳಿದ, ಹೂವಿನವಳು ಕೇಳಿದಳು, ಪಕ್ಕದ ಮನೆಗೆ ಬಂದ ನೆಂಟರೂ ಕೇಳಿದರು. ಅವಳು ಹಿತ್ತಲ ಓಣಿಯಲ್ಲಿ ಓಡಾಡತೊಡಗಿದಳು.

ಶಾಲೆಯ ಹೆಡ್‌ಮಾಸ್ಟರು ಮನೆಗೇ ಬಂದು, ನಿಮ್ಮ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ, ಹೊರಡುವ ತನಕವಾದರೂ ಬಂದು ಹತ್ತನೇ ತರಗತಿಗೆ ಪಾಠ ಮಾಡಿ, ಪರೀಕ್ಷೆ ಹತ್ತಿರ ಬಂತು ಎಂದು ಕೇಳಿಕೊಂಡರು. ಅರ್ಧಕ್ಕೆ ಬಿಟ್ಟು ಹೋಗುವ ಪಾಠ ಏಕೆ ಶುರು ಮಾಡಲಿ ಎಂದು ಅವಳು ಒಪ್ಪಲಿಲ್ಲ. ಆಮೇಲೆ ಮಕ್ಕಳೇ ಪುಸ್ತಕ ಹಿಡಿದು ಬಂದರು. “ನಾನು ಹೋದೆ ಅಂತಲೇ ಅಂದ್ಕೊಳ್ಳಿ” ಎಂದು ಅವರನ್ನೂ ಬಾಗಿಲಿಂದಲೇ ಕಳುಹಿಸಿದಳು. ಅಂದಿನಿಂದ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು. ಯಾರ ಮೇಲೆ ಎಂಬುದು ಮಾತ್ರ ಸರಿಯಾಗಿ ತಿಳಿಯಲಿಲ್ಲ.

ಇದೆಲ್ಲ ಗುರುಗಳಿಗೆ ಗೊತ್ತಿತ್ತು. ಅವರು ಅವಳ ಕೈಯಲ್ಲಿದ್ದ ಫೋನನ್ನು ನೋಡಿ, “ಕತೆ ಹೇಳ್ತೀನಿ, ಕೇಳು. ನಡುವೆ ಅದನ್ನ ನೋಡಿದ್ರೆ ಕತೆ ಅಲ್ಲಿಗೇ ನಿಲ್ಲುತ್ತೆ” ಎಂದರು. ಅವಳು ಫೋನನ್ನು ಮಗುಚಿ ಇಟ್ಟಳು. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಉಪಾಧ್ಯಾಯನಿದ್ದ. ಹೊಳೆಯಾಚೆ ಬೇರೊಂದು ರಾಜ್ಯ. ಅಲ್ಲಿಯವರಿಗೆ ಈ ಕಡೆಯ ನುಡಿಯನ್ನು ಕಲಿಯುವ ಆಸೆ ಹುಟ್ಟಿತು. ವ್ಯಾಪಾರ ಎಲ್ಲಿದೆಯೋ ಅಲ್ಲಿಯ ನುಡಿಗೆ ಬೆಲೆ. ನಮ್ಮ ಮಕ್ಕಳಿಗೆ ಕಲಿಸಲು ಬನ್ನಿ ಎಂದು ಅವರು ಉಪಾಧ್ಯಾಯನಿಗೆ ಹೇಳಿ ಕಳುಹಿಸಿದರು. ಆದರೆ ಆ ರಾಜ್ಯದ ಗಡಿ ದಾಟಿ ದುಡಿಯಬೇಕಾದರೆ ಅಲ್ಲಿಯ ಅರಮನೆ ಕೊಡುವ ರಹದಾರಿ ಬೇಕಾಗಿತ್ತು. ರಹದಾರಿ ಕಳುಹಿಸುತ್ತೇವೆ, ಕಾಯುತ್ತಿರಿ ಎಂದೂ ಹೇಳಿದರು. ಅರಮನೆಗಳಿಗೆ ಕಾಯುತ್ತಿರಿ ಎಂದು ಹೇಳುವುದು ಬಹಳ ಸುಲಭ.

ಉಪಾಧ್ಯಾಯ ಜೋಯಿಸರ ಬಳಿ ಹೋದ. ಜೋಯಿಸರು ಎಣಿಸಿ ಗುಣಿಸಿ, ಬರುವ ಗುರುವಾರ ಬೆಳಿಗ್ಗೆ ಹೊರಟರೆ ಹೋದ ಕಡೆ ಗೆಲುವು, ಅದು ತಪ್ಪಿದರೆ ಸದ್ಯಕ್ಕೆ ಅಂಥ ಗಳಿಗೆ ಇಲ್ಲ ಎಂದರು. ಗುರುವಾರ ಬಂತು, ರಹದಾರಿ ಬರಲಿಲ್ಲ. ಇಂಥ ಪೇಚಿಗೆ ಹಿರಿಯರು ಒಂದು ದಾರಿ ಮಾಡಿಟ್ಟಿದ್ದಾರೆ. ಒಳ್ಳೆಯ ಗಳಿಗೆಗೆ ಹೊರಡಲು ಆಗದವರು ತಮ್ಮ ಗಂಟನ್ನು ಆ ಗಳಿಗೆಗೆ ಮನೆಯಿಂದ ಸಾಗಿಸಿ ಇನ್ನೊಬ್ಬರ ಮನೆಯಲ್ಲಿ ಇಡುತ್ತಾರೆ. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಗಂಟು ಹೊರಟರೆ ಮನುಷ್ಯ ಹೊರಟಂತೆಯೇ. ಆಮೇಲೆ ಅನುಕೂಲವಾದಾಗ ಗಂಟು ತೆಗೆದುಕೊಂಡು ನಡೆದರಾಯಿತು.

ಎಲ್ಲರಿಗೂ ಗಂಟು ಸಾಕಾಗುತ್ತಿತ್ತು. ನಮ್ಮ ಉಪಾಧ್ಯಾಯನಿಗೆ ಸಾಕಾಗಲಿಲ್ಲ. ಓದಿದವನಲ್ಲವೇ, ಬುದ್ಧಿ ಒಂದು ಹಿಡಿ ಹೆಚ್ಚು. ಗಂಟೇ ಹೋದರೆ ಇಷ್ಟು ಫಲ, ಗಂಟಿನ ಜೊತೆ ನಾನೂ ಹೋದರೆ ಎಷ್ಟು ಫಲ ಎಂದು ಲೆಕ್ಕ ಹಾಕಿದ. ಹೆಂಡತಿಯ ಕೈಯಿಂದ ಮೊಸರು ತೆಗೆದುಕೊಂಡು, ದೇವರಿಗೆ ಕೈಮುಗಿದು, ಬಲಗಾಲಿಟ್ಟು ಹೊರಟ. ಬೀದಿ ದಾಟಿದ. ಎದುರು ಮನೆಯ ವರ್ತಕನ ಪಡಸಾಲೆಯಲ್ಲಿ ಗಂಟು ಇಟ್ಟು, ಅದರ ಪಕ್ಕದಲ್ಲಿ ತಾನೂ ಕುಳಿತ. ಹೊರಟ ಕಾಲು ತಿರುಗಿ ಹೊಸ್ತಿಲು ತುಳಿಯಬಾರದು, ತುಳಿದರೆ ಯಾತ್ರೆ ಕೆಡುತ್ತದೆ ಎಂದು ಜೋಯಿಸರು ಎಚ್ಚರಿಸಿದ್ದರು. ನಾಳೆಯೋ ನಾಡಿದ್ದೋ ರಹದಾರಿ ಬರುತ್ತದೆ, ಅಷ್ಟರಲ್ಲಿ ಏನು ಮಹಾ ಎಂದುಕೊಂಡ.

ನಾಳೆ ಬಂತು, ನಾಡಿದ್ದೂ ಬಂತು. ರಹದಾರಿ ಬರಲಿಲ್ಲ.

ಹೆಂಡತಿ ದಿನವೂ ಅನ್ನ ಸಾರು ಹೊತ್ತು ಬೀದಿ ದಾಟಿದಳು. ಮೊದಮೊದಲು ಮುಸಿಮುಸಿ ನಕ್ಕಳು. ಆಮೇಲೆ ನಗು ನಿಂತಿತು. ಆಮೇಲೆ ತಟ್ಟೆ ಇಡುವ ಸದ್ದು ಜೋರಾಯಿತು. ವರ್ತಕ ದೊಡ್ಡ ಮನಸ್ಸಿನವನೇ. ಆದರೆ ಪಡಸಾಲೆಯಲ್ಲಿ ಬೇರೆಯವರ ಗಂಡ ಕಂಬಕ್ಕೆ ಒರಗಿ ಕುಳಿತು ದಿನಕ್ಕೆ ಹತ್ತು ಬಾರಿ “ಹೊಳೆ ಕಡೆಯಿಂದ ಯಾರಾದರೂ ಬಂದರಾ?” ಎಂದು ಕೇಳುತ್ತಿದ್ದರೆ ದೊಡ್ಡ ಮನಸ್ಸು ಎಷ್ಟು ದಿನ ತಡೆಯುತ್ತದೆ? ಅವನು ಅಂಗಡಿಯಿಂದ ಮನೆಗೆ ಬರುವುದನ್ನೇ ತಡ ಮಾಡಿದ.

ಉಪಾಧ್ಯಾಯನ ಮನೆಯ ಜಗಲಿಯಲ್ಲಿ ಪಾಠ ನಿಂತುಹೋಯಿತು. ಊರ ಮಕ್ಕಳು ಬಂದು ನೋಡಿ, ಎದುರು ಮನೆಯಲ್ಲಿ ಮೇಷ್ಟ್ರನ್ನು ಕಂಡು ಅಲ್ಲಿಗೇ ಹೋದರು. ಹೋದವನ ಬಳಿ ಪಾಠ ಹೇಳಿಸಿಕೊಳ್ಳಬಾರದು ಎಂದು ಅವನು ಅವರನ್ನು ಅಟ್ಟಿದ. ಮಕ್ಕಳಿಗೆ ಅದು ಬೇಸರವೇನೂ ಆಗಲಿಲ್ಲ, ದನ ಕಾಯಲು ಹೋದರು. ಒಂದು ದಿನ ಅವನ ಮನೆಯ ಹಸು ಕಣ್ಣಿ ಕಿತ್ತುಕೊಂಡಿತು. ಹೆಂಡತಿ ಹಿಡಿಯಿರಿ ಎಂದು ಕೂಗಿದಳು. ಅವನು ಏಳಲಿಲ್ಲ. ಹಸುವಿಗೆ ಜೋಯಿಸರ ಮಾತು ಗೊತ್ತಿರಲಿಲ್ಲ. ಅದು ನೇರವಾಗಿ ಬೀದಿ ದಾಟಿ ಬಂದು ಯಜಮಾನನ ಕೈ ನೆಕ್ಕಿತು. ಅವನು ಕೈ ಹಿಂದಕ್ಕೆ ಎಳೆದುಕೊಂಡು, ಪರಸ್ಥಳದಲ್ಲಿರುವವನಂತೆ ಬೇರೆ ಕಡೆ ನೋಡಿದ.

ಊರವರು ಬಿಡುತ್ತಾರೆಯೇ? “ಇನ್ನೂ ಹೋಗಿಲ್ವಾ ಮೇಷ್ಟ್ರೇ?” ಎಂದು ಹೋಗುವವರು ಬರುವವರೆಲ್ಲ ಕೇಳಿದರು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. “ಹೋಗಿಯಾಯ್ತು! ಹೋಗಿಯಾಯ್ತು ಅಂತ ಎಷ್ಟು ಸಲ ಹೇಳ್ಲಿ?” ಎಂದು ಗದರುತ್ತಿದ್ದ. ಊರಿಗೆ ಅದು ತಮಾಷೆಯಾಯಿತು. ಮೇಷ್ಟ್ರು ಎಲ್ಲಿ ಎಂದು ಯಾರಾದರೂ ಕೇಳಿದರೆ ಹೋಗಿಯಾಯ್ತು ಎಂದು ಹೇಳಿ ಕಿಸಕ್ಕನೆ ನಗುತ್ತಿದ್ದರು. ಸ್ವಲ್ಪ ದಿನಕ್ಕೆ ನಗುವುದು ಬಿಟ್ಟುಹೋಗಿ ಮಾತು ಮಾತ್ರ ಉಳಿಯಿತು.

ಅವನಿಗೆ ಒಬ್ಬಳೇ ಮಗಳು. ಆಗತಾನೇ ಅಕ್ಷರ ತಿದ್ದಲು ಶುರು ಮಾಡಿದ್ದಳು. ಅಪ್ಪ ಕೈಹಿಡಿದು ತಿದ್ದಿಸುತ್ತಿದ್ದುದು ಅರ್ಧಕ್ಕೇ ನಿಂತಿತ್ತು. ಅವಳು ಮರಳಿನ ತಟ್ಟೆ ಹೊತ್ತು ಬೀದಿ ದಾಟಿ ಬಂದು, “ಅಪ್ಪಾ, ಮುಂದಿನ ಅಕ್ಷರ ತಿದ್ದಿಸು” ಎಂದಳು. ಬೇರೆ ಮಕ್ಕಳನ್ನು ಅಟ್ಟಿ ಮಗಳನ್ನು ಕೂರಿಸಿಕೊಂಡರೆ ನೇಮ ಕೆಡುತ್ತದೆ ಎಂದು ಅವನಿಗೆ ಭಯ. “ಅಪ್ಪ ಊರಲ್ಲಿಲ್ಲ ಕಂದಾ” ಎಂದ. ಮಗು ಇದೇನೋ ಆಟ ಎಂದು ನಕ್ಕಿತು. ಮರುದಿನವೂ ಬಂತು. ಮರುದಿನವೂ ಅದೇ ಮಾತು. ಮೂರನೆಯ ಬಾರಿ ಮಗು ನಗಲಿಲ್ಲ. ಮನೆಗೆ ಹೋಗಿ ತಾಯಿಯನ್ನು ಕೇಳಿತು. ತಾಯಿ ಒಲೆಯ ಮುಂದೆ ಬೆಂದವಳು, ಗಂಡನ ಮೇಲಿನ ಸಿಟ್ಟಿಗೆ, ಹೌದು, ನಿಮ್ಮಪ್ಪ ಊರಲ್ಲಿಲ್ಲ, ಯಾರು ಕೇಳಿದರೂ ಹಾಗೇ ಹೇಳು ಎಂದುಬಿಟ್ಟಳು. ಸಿಟ್ಟಿನಲ್ಲಿ ಹೇಳಿದ್ದು ಯಾವುದು, ನಿಜವಾಗಿ ಹೇಳಿದ್ದು ಯಾವುದು ಎಂದು ವಿಂಗಡಿಸುವ ವಯಸ್ಸು ಅದಲ್ಲ. ಮಗು ಮರಳಿನ ತಟ್ಟೆಯನ್ನು ಮೂಲೆಗೆ ಇಟ್ಟಿತು.

ಹೀಗಿರಲು ಒಂದು ದಿನ ರಹದಾರಿ ಬಂತು.

ಅರಮನೆಯ ಓಲೆಕಾರ ಕುದುರೆ ಇಳಿದು ಉಪಾಧ್ಯಾಯನ ಮನೆ ಯಾವುದು ಎಂದು ವಿಚಾರಿಸಿ, ಆ ಮನೆಯ ಮುಂದೆ ನಿಂತ. ತಾಯಿ ನೀರಿಗೆ ಹೋಗಿದ್ದಳು. ಹೊಸ್ತಿಲ ಮೇಲೆ ಮಗು ಕುಳಿತಿತ್ತು. “ನಿಮ್ಮ ತಂದೆ ಇದ್ದಾರಾ ಮಗೂ?” ಎಂದು ಕೇಳಿದ. ಮಗು ಎದುರು ಮನೆಯ ಕಡೆ ನೋಡಲೂ ಇಲ್ಲ. “ಅಪ್ಪ ಊರಲ್ಲಿಲ್ಲ. ಹೊಳೆಯಾಚೆ ಹೋದರು” ಎಂದಿತು. ಓಲೆಕಾರನಿಗೆ ನಂಬಿಕೆಯಾಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರನ್ನು ಕೇಳಿದ. ಮೇಷ್ಟ್ರಾ? ಹೋಗಿಯಾಯ್ತಲ್ಲ ಎಂದು ಅವರು ಅಭ್ಯಾಸಬಲದಿಂದ ಹೇಳಿ ತಮ್ಮ ಪಾಡಿಗೆ ನಡೆದರು. ಓಲೆಕಾರನ ಮುಖ ಬಿಗಿಯಿತು. ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ರಹದಾರಿ ಕೈಸೇರುವ ಮೊದಲೇ ಗಡಿ ದಾಟಿದವನು ಕಳ್ಳನಿಗೆ ಸಮಾನ, ಅಂಥವನಿಗೆ ಮತ್ತೆಂದೂ ರಹದಾರಿ ಇಲ್ಲ. ಅವನು ತಂದದ್ದನ್ನು ಚೀಲಕ್ಕೆ ಸೇರಿಸಿ ಕುದುರೆ ಹತ್ತಿದ.

ಆ ಹೊತ್ತಿಗೆ ಉಪಾಧ್ಯಾಯ ವರ್ತಕನ ಬಚ್ಚಲಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುತ್ತಿದ್ದ. ಕುದುರೆಯ ಸದ್ದು ಕೇಳಿ ಒದ್ದೆ ಪಂಚೆಯಲ್ಲೇ ಹೊರಗೆ ಬಂದ. ಬೀದಿಯಲ್ಲಿದ್ದವರು ವಿಷಯ ಹೇಳಿದರು. ಕಣ್ಣಿಗೆ ಸೀಗೆಪುಡಿ, ತಲೆಯಿಂದ ಎಣ್ಣೆ ನೀರು, ಹೊಳೆಯವರೆಗೂ ಓಡಿದ. ಓಲೆಕಾರನನ್ನು ಹೊತ್ತ ದೋಣಿ ನಡುಹೊಳೆ ದಾಟಿತ್ತು. “ನಾನು ಇಲ್ಲೇ ಇದ್ದೀನಿ! ಎಲ್ಲಿಗೂ ಹೋಗಿಲ್ಲ! ಇಲ್ಲೇ ಇದ್ದೀನಿ!” ಎಂದು ಗಂಟಲು ಹರಿಯುವಂತೆ ಕೂಗಿದ. ಓಲೆಕಾರ ಒಮ್ಮೆ ತಿರುಗಿ ನೋಡಿದ. ದಡದಲ್ಲಿ ಯಾರೋ ತಲೆಕೆಟ್ಟವನು ಕುಣಿಯುತ್ತಿದ್ದಾನೆ ಎಂದುಕೊಂಡು ಮುಖ ತಿರುಗಿಸಿದ.

ಉಪಾಧ್ಯಾಯ ಬುಸುಗುಡುತ್ತಾ ಹಿಂತಿರುಗಿದ. ಆ ಸಿಟ್ಟಿನಲ್ಲಿ ಕಾಲು ಎಲ್ಲಿಗೆ ಹೋಗುತ್ತಿದೆ ಎಂಬ ಪರಿವೆಯೇ ಇರಲಿಲ್ಲ. ಅಷ್ಟು ದಿನ ಕಾಪಾಡಿಕೊಂಡು ಬಂದ ಹೊಸ್ತಿಲನ್ನು ತುಳಿದುಕೊಂಡು ನೇರವಾಗಿ ತನ್ನ ಮನೆಯೊಳಗೆ ನುಗ್ಗಿದ. ಮಗಳ ರಟ್ಟೆ ಹಿಡಿದು, “ಯಾಕೆ ಹಾಗಂದೆ? ನಾನು ಎದುರಿಗೇ ಇರಲಿಲ್ವಾ? ನಿನ್ನ ಕಣ್ಣಿಗೆ ಕಾಣ್ತಿರಲಿಲ್ವಾ?” ಎಂದು ಅಬ್ಬರಿಸಿದ.

ಮಗು ಹೆದರಲಿಲ್ಲ, ಅಳಲೂ ಇಲ್ಲ. ಅಪ್ಪನ ಮುಖವನ್ನು ನೋಡಿ ಹೇಳಿತು: “ನೀನು ಇಲ್ಲಿದ್ದಿದ್ರೆ ನನಗೆ ಅಕ್ಷರ ತಿದ್ದಿಸ್ತಿದ್ದೆ ಅಲ್ವಾ ಅಪ್ಪಾ?”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ದಾಕ್ಷಾಯಿಣಿ ಹಸುವಿನ ಮಾತು ಬಂದಾಗ ನಕ್ಕಿದ್ದಳು. ಎಣ್ಣೆ ತಲೆಯ ಓಟಕ್ಕೂ ನಕ್ಕಿದ್ದಳು. ಈಗ ಅವಳಿಗೆ ಆ ಮಗುವಿನ ಮೇಲೆ ಅಲ್ಲ, ಉಪಾಧ್ಯಾಯನ ಮೇಲೆ ಅಲ್ಲ, ಆ ಓಲೆಕಾರನ ಮೇಲೆ ಸಿಟ್ಟು ಬಂತು. ಒಂದು ಮಾತು ಎದುರು ಮನೆಯಲ್ಲಿ ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಕಚೇರಿಯವರೆಲ್ಲ ಒಂದೇ ಜಾತಿ. ಕೊಡುವುದಕ್ಕೆ ವರ್ಷ, ಕಿತ್ತುಕೊಳ್ಳುವುದಕ್ಕೆ ಗಳಿಗೆ. ಮಗುಚಿಟ್ಟ ಫೋನಿನ ಮೇಲೆ ಅವಳ ಕೈ ತಾನಾಗಿ ಹೋಯಿತು.

“ಅನ್ಯಾಯ ಬುದ್ಧಿ” ಎಂದಳು. “ಆಮೇಲಾದ್ರೂ ಆ ರಹದಾರಿ ಬಂತಾ, ಇಲ್ವಾ?”

ಗುರುಗಳು ಅವಳ ಕೈಯನ್ನು ನೋಡಿದರು.

“ನಿಂದು ಬರುತ್ತೆ ಬಿಡು ಮಗಳೇ. ಬಂದ ದಿನ, ನಮ್ಮ ಟೀಚರ್ ಇಲ್ಲೇ ಇದ್ದಾರೆ ಅನ್ನೋ ಮಗು ಈ ಊರಲ್ಲಿ ಒಂದಾದ್ರೂ ಇದೆಯಾ, ಅದನ್ನ ಹೇಳು.”

ದಾಕ್ಷಾಯಿಣಿ ಫೋನಿನ ಮೇಲಿಂದ ಕೈ ತೆಗೆದಳು.