ಹವಳಕ್ಕ ಒಲೆ ಆರಿಸಿದ ದಿನ

ಕಡಲಿಗೆ ಇನ್ನೂ ಉಪ್ಪು ಸರಿಯಾಗಿ ಹಿಡಿಯದಿದ್ದ ಕಾಲ. ನೀರಿನಡಿಯ ಬಂಡೆಯ ಮೇಲೆ ಹವಳಕ್ಕ ಕಲ್ಲಿನ ಮನೆ ಕಟ್ಟಿಕೊಂಡಿದ್ದಳು. ಕಾಲಿಲ್ಲದವಳು, ಕೂತಲ್ಲೇ ಸಂಸಾರ.

ಅವಳ ಮನೆಯಲ್ಲಿ ಪಾಚಿಮಕ್ಕಳು ಬಿಡಾರ ಹೂಡಿದ್ದರು. ಸಾಸಿವೆಗಿಂತ ಸಣ್ಣವರು. ಜಾಗ ಹವಳಕ್ಕನದು, ಅಡುಗೆ ಅವರದು. ಬಿಸಿಲನ್ನೇ ಒಲೆಗೆ ಹಾಕಿ ಬೇಯಿಸುವರು, ಅವಳಿಗೆ ಬಡಿಸಿ ತಾವು ಉಣ್ಣುವರು. ಗೋಡೆಗೆ ಬಣ್ಣ ಬಳಿದವರೂ ಅವರೇ.

ಒಂದು ಬೇಸಿಗೆ ಹವಳಕ್ಕನ ಮೈಯೆಲ್ಲ ಉರಿಯತೊಡಗಿತು. ನನಗೆ ಜ್ವರವೋ, ಮನೆಗೆ ಜ್ವರವೋ? ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಎಂತ ಸೆಖೆ ಇದು, ಹೊಳೆಯಮ್ಮಾ?" ಎಂದು ಕಡಲಿಗೆ ಬಂದು ಸೇರುತ್ತಿದ್ದ ಶರಾವತಿಯನ್ನು ಕೇಳಿದಳು.

"ನಾನು ಈಗಷ್ಟೇ ಬಂದವಳು ಮಾರಾಯ್ತಿ, ನನಗೆಂತ ಗೊತ್ತು?" ಎಂದಳು ಶರಾವತಿ.

ಮೇಲೆ ಹಾಯುತ್ತಿದ್ದ ಗಾಳಿಯನ್ನು ಕೇಳಿದಳು. "ಒಲೆ ನಿನ್ನ ಮನೆಯೊಳಗೇ ಉರೀತಾ ಉಂಟಲ್ಲ, ಊರೆಲ್ಲ ಯಾಕೆ ಹುಡುಕ್ತೀ?" ಎಂದು ಗಾಳಿ ಹಾರಿಹೋಯಿತು.

ಗಾಳಿಮಾತು ನಂಬಬಾರದು. ಹವಳಕ್ಕ ನಂಬಿದಳು.

"ಒಲೆ ಆರಿಸಿ, ಹೊರಗೆ ನಡೀರಿ!"

ಮಕ್ಕಳು ಕಕ್ಕಾಬಿಕ್ಕಿಯಾದರು. "ಅಕ್ಕಾ, ನಮಗೂ ಸುಡ್ತಾ ಉಂಟು. ಇದು ಒಲೆಯ ಬಿಸಿ ಅಲ್ಲ."

ಅವಳು ಕೇಳಿದರೆ ತಾನೇ! ಮಕ್ಕಳು ಗುಂಪು ಗುಂಪಾಗಿ ಹೊರಟರು. ಎಲ್ಲರಿಗಿಂತ ಕಿರಿಯವಳಾದ ಚಿಕ್ಕಿ ಮಾತ್ರ ಹೊಸಿಲಲ್ಲಿ ತಿರುಗಿ, "ಹೋಗಿ ಬರ್ತೇನೆ ಅಕ್ಕಾ" ಎಂದಳು. ಹಾಗೆ ಹೇಳಿ ಹೋದವರ ಬೆನ್ನಿಗೇ ಬಾಗಿಲು ಹಾಕಬಾರದು. ಹವಳಕ್ಕ ಹಾಕಲಿಲ್ಲ.

ಮಕ್ಕಳ ಜೊತೆ ಬಣ್ಣವೂ ಹೋಯಿತು. ಮನೆ ಸುಣ್ಣದಂತೆ ಬೆಳ್ಳಗಾಯಿತು. ಊಟವಿಲ್ಲ. ಸೆಖೆ ಮಾತ್ರ ಹಾಗೇ ಇತ್ತು. ಒಲೆ ಆರಿದರೂ ಬಿಸಿ ಆರಲಿಲ್ಲವಲ್ಲ! ಹಸಿದವಳನ್ನು ಕಂಡು ರೋಗವೊಂದು ಮನೆಯ ಗೋಡೆ ಹತ್ತಿತು. ಅದು ಹತ್ತಿದ ಗೋಡೆ ಸತ್ತೇ ಹೋಯಿತು.

"ಸಾಯ್ತೇನೋ ಏನೋ. ಯಾಕೆ ಅಂತಲಾದರೂ ತಿಳೀಬಾರದೇ?" ಎಂದು ಹವಳಕ್ಕ ಅತ್ತಳು.

ಆಗ ಕಡಲಮ್ಮ ನರಳುತ್ತ ಹೇಳಿದಳು: "ಜ್ವರ ನಿನ್ನದಲ್ಲ ಮಗಾ, ನನ್ನದು. ದಡದವರು ಕಾಡಿಗೆ ಬೆಂಕಿ ಕೊಟ್ಟು, ಹೊಗೆಯ ಕಂಬಳಿ ಹೊದಿಸಿದ್ದಾರೆ. ಬೆವರಲಿಕ್ಕೂ ಆಗ್ತಾ ಇಲ್ಲ."

ಅಂತೂ ಮಳೆ ಬಿತ್ತು, ಬೆಂಕಿ ಆರಿತು, ಕಡಲಮ್ಮನ ಮೈ ತಣ್ಣಗಾಯಿತು. ಒಂದು ಬೆಳಿಗ್ಗೆ, "ಬಂದೆ ಅಕ್ಕಾ" ಎಂಬ ದನಿ ಕೇಳಿತು. ಚಿಕ್ಕಿ ನೇರ ಒಳಗೆ ಬಂದು ಒಲೆ ಹಚ್ಚಿದಳು. ಮೊದಲು ಒಂದು ಮೂಲೆಗೆ, ಆಮೇಲೆ ಉಳಿದ ಗೋಡೆಗಳಿಗೂ ಬಣ್ಣ ಬಂತು. ರೋಗ ಹತ್ತಿದ ಗೋಡೆಗೆ ಮಾತ್ರ ಬರಲೇ ಇಲ್ಲ.

ಮೈಗೆ ಉರಿ ಹತ್ತಿದಾಗ ಬುದ್ಧಿ ಎಲ್ಲಿರುತ್ತದೆ? ಈಗಲೂ ಕಡಲಿಗೆ ಜ್ವರ ಬಂದರೆ ಹವಳಕ್ಕ ಗಲಿಬಿಲಿಗೊಂಡು ಒಲೆ ಆರಿಸುತ್ತಾಳೆ, ಬೆಳ್ಳಗಾಗುತ್ತಾಳೆ. ಅದಕ್ಕೇ ಮಗೂ, ಬಿಳಿ ಹವಳ ಕಂಡರೆ ಸತ್ತಿತೆಂದು ಮುರಿದು ತರಬೇಡ. ಒಳಗೆ ಅವಳು ಹಸಿದುಕೊಂಡು, ಬಾಗಿಲು ತೆರೆದಿಟ್ಟು, ಚಿಕ್ಕಿಯ ದಾರಿ ಕಾಯುತ್ತಿರುತ್ತಾಳೆ.