ಬ್ಲೇಡಿನಷ್ಟು ಸಂದು

ಖುದ್ದೂಸ್ ಉಸ್ತಾದರು ತೀರಿಕೊಂಡ ಮೇಲೆ ಜನ ಅವರ ಶಿಷ್ಯ ಮಾದೇಶನನ್ನು ಕೇಳುತ್ತಿದ್ದರು.

"ಅಷ್ಟು ದೊಡ್ಡ ಮೆಕ್ಯಾನಿಕ್ಕು. ರೇಸಿನ ಹುಚ್ಚು ಬೇರೆ. ಒಂದಾದರೂ ಗೆದ್ದಿದ್ದರೇನಯ್ಯ?"

"ಇಲ್ಲ," ಎನ್ನುತ್ತಿದ್ದ ಮಾದೇಶ. ಹಾಗೆನ್ನುವಾಗ ಅವನ ಮುಖ ಅರಳುತ್ತಿತ್ತು. ಒಂದು ಭಾನುವಾರ ನೆನಪಾಗುತ್ತಿತ್ತು.

ಉಸ್ತಾದರ ಶೆಡ್ಡು ಹೊಳೆದಂಡೆಯಲ್ಲಿತ್ತು. ಸುತ್ತಲಿನ ಬೈಕುಗಳೆಲ್ಲ ಅಲ್ಲಿಗೇ ರಿಪೇರಿಗೆ ಬರುತ್ತಿದ್ದವು. ಬೇಸಿಗೆಯಲ್ಲಿ ಪಕ್ಕದ ಬಯಲಲ್ಲಿ ಮಣ್ಣಿನ ರೇಸು. ಉಸ್ತಾದರು ಪ್ರತಿ ವರ್ಷ ಓಡಿಸುತ್ತಿದ್ದರು. ಪ್ರತಿ ವರ್ಷ ಸೋಲುತ್ತಿದ್ದರು. ಗೆದ್ದವನ ಗಾಡಿಯನ್ನೂ ಅವರೇ ಸಿದ್ಧ ಮಾಡಿರುತ್ತಿದ್ದರು.

ಆ ವರ್ಷ ಅವರ ಕಣ್ಣಿಗೆ ಪೊರೆ ಬಂತು. ತಮ್ಮ ಗಾಡಿಯನ್ನು ಮಾದೇಶನಿಗೆ ಕೊಟ್ಟರು.

"ನೀನು ಓಡಿಸು ಬೇಟಾ. ನಾನು ಕೇಳಿಸ್ಕೊಳ್ತೀನಿ."

ಮಾದೇಶ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ. ಉಸ್ತಾದರ ಕಣ್ಣು ಪೂರ್ತಿ ಮಸುಕಾಗುವ ಮೊದಲು ಅವರ ಕೈಗೆ ಒಂದು ಕಪ್ ತಂದುಕೊಡಬೇಕು.

ಭಾನುವಾರ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ. ಪಕ್ಕದಲ್ಲಿ ಎದುರಾಳಿ ರುದ್ರೇಶ ನಿಂತಿದ್ದ.

"ಏನೋ ಮಾದೇಶ, ನಿನ್ನ ಗಾಡಿ ಬಳೆ ತೊಟ್ಕೊಂಡು ಬಂದಿದೆಯೇನೋ? ಗಲಗಲ ಅಂತದೆ!"

ಎಲ್ಲರೂ ನಕ್ಕರು. ಉಸ್ತಾದರೂ ನಕ್ಕರು. ಮಾದೇಶ ನಗಲಿಲ್ಲ.

ಎಂಜಿನ್ನಿನ ತಲೆಯಲ್ಲಿ ವಾಲ್ವಿಗೂ ಅದನ್ನು ಒತ್ತುವ ತುಂಡಿಗೂ ನಡುವೆ ಒಂದು ಕಿರಿದಾದ ಸಂದು ಇರುತ್ತದೆ. ಸದ್ದು ಬರುವುದು ಅಲ್ಲಿಂದ. ಉಸ್ತಾದರು ಟೀ ಕುಡಿಯಲು ಹೋದಾಗ ಮಾದೇಶ ಸ್ಪ್ಯಾನರ್ ಹಿಡಿದು ಆ ಸಂದನ್ನು ಪೂರ್ತಿ ಮುಚ್ಚಿಬಿಟ್ಟ.

ರೇಸು ಶುರುವಾಯಿತು. ಗಾಡಿ ಸದ್ದಿಲ್ಲದೆ ಹಾರಿತು. ಮೊದಲ ಸುತ್ತಿನಲ್ಲಿ ಮಾದೇಶ ಎಲ್ಲರಿಗಿಂತ ಮುಂದೆ. ಎರಡನೆಯದರಲ್ಲೂ ಮುಂದೆ.

ಆಮೇಲೆ ಎಂಜಿನ್ ಕಾದು ಕೆಂಡವಾಯಿತು. ಕೆಮ್ಮಿತು. ನಿಂತಿತು.

ರುದ್ರೇಶ ಧೂಳೆಬ್ಬಿಸಿಕೊಂಡು ಪಕ್ಕದಲ್ಲೇ ಹೋದ. ಮಾದೇಶ ಕಿಕ್ಕರ್ ಒದ್ದ. ಮತ್ತೆ ಮತ್ತೆ ಒದ್ದ. ಗಾಡಿ ಮಿಸುಕಲಿಲ್ಲ.

ಉಸ್ತಾದರು ಬಯಲು ದಾಟಿ ಬಂದು ಗಾಡಿಯ ಪಕ್ಕ ನೆಲದಲ್ಲಿ ಕೂತರು.

"ಸಂದು ಮುಚ್ಚಿದೆಯಾ?"

"ನಿಮಗೆ ಹೇಗೆ ಗೊತ್ತಾಯ್ತು?"

"ಹೊರಟಾಗ ಸದ್ದೇ ಇರಲಿಲ್ಲ."

"ಆಗಲೇ ಕೂಗಬಾರದಿತ್ತಾ ಉಸ್ತಾದ್?"

"ಕೂಗಿದೆ. ನೀನು ಬಹಳ ಮುಂದೆ ಇದ್ದೆ."

ಮಾದೇಶ ತಲೆ ತಗ್ಗಿಸಿದ. ಮರುಗಳಿಗೆಗೆ ಜೇಬಿನಿಂದ ಸ್ಪ್ಯಾನರ್ ತೆಗೆದ.

"ಈಗಲೇ ಸರಿ ಮಾಡ್ತೀನಿ. ಇನ್ನೂ ಸುತ್ತು ಬಾಕಿ ಇದೆ. ಮೂರನೇ ಬಹುಮಾನ ಆದ್ರೂ ಸಿಗಬಹುದು."

"ಬಿಸಿ ಇದೆ. ಆರಲಿ."

"ಆರೋ ಹೊತ್ತಿಗೆ ರೇಸೇ ಮುಗಿದಿರ್ತದೆ!"

"ಹೌದು," ಎಂದು ಉಸ್ತಾದರು ಬೀಡಿ ಹಚ್ಚಿದರು.

ರೇಸು ಮುಗಿಯಿತು. ಕಪ್ ರುದ್ರೇಶನ ಕೈ ಸೇರಿತು. ಉಸ್ತಾದರು ಕೂತಲ್ಲಿಂದಲೇ ಜೋರಾಗಿ ಚಪ್ಪಾಳೆ ಹೊಡೆದರು. ಜನ ಚದುರಿದರು.

ಎಂಜಿನ್ ಆರಿತು. ಉಸ್ತಾದರು ಜೇಬಿನಿಂದ ಒಂದು ಹಳೆಯ ಶೇವಿಂಗ್ ಬ್ಲೇಡು ತೆಗೆದುಕೊಟ್ಟರು.

"ಬಿಸಿಯಾದ್ರೆ ಕಬ್ಬಿಣ ಬೆಳೀತದೆ. ಬೆಳೆಯೋಕೆ ಜಾಗ ಬಿಡು. ಇದು ನುಸುಳಿದ್ರೆ ಸಾಕು."

ಮಾದೇಶ ಬ್ಲೇಡು ಇಟ್ಟು ಸಂದು ಬಿಡಿಸಿದ. ಒಂದೇ ಒದೆತಕ್ಕೆ ಗಾಡಿ ಎದ್ದಿತು. ಮತ್ತೆ ಅದೇ ಗಲಗಲ. ಅವನು ಬ್ಲೇಡನ್ನು ಉಸ್ತಾದರಿಗೆ ಮರಳಿಸಿದ.

"ನಿಮಗೊಂದು ಕಪ್ ತಂದುಕೊಡಬೇಕು ಅಂತಿದ್ದೆ."

"ಇಟ್ಕೊಂಡು ಏನು ಮಾಡ್ಲಿ? ಗ್ರೀಸ್ ತುಂಬಿಡ್ಲಾ?"

"ಹಾಗಾದ್ರೆ ಇಷ್ಟು ವರ್ಷ ಯಾಕೆ ಓಡಿಸಿದ್ರಿ ಉಸ್ತಾದ್? ಒಂದು ಸಲಾನೂ ಗೆಲ್ಲದೆ?"

ಉಸ್ತಾದರು ಹಿಂದಿನ ಸೀಟಿನ ಮೇಲೆ ಕಾಲು ಹಾಕಿ ಕೂತರು. ಮಾದೇಶನ ಹೆಗಲು ಹಿಡಿದರು.

"ನಿನ್ನ ಸುತ್ತು ಅರ್ಧಕ್ಕೆ ನಿಂತಿದೆ. ಮುಗಿಸು, ಹೇಳ್ತೀನಿ."

ಬಯಲು ಖಾಲಿ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ತಿರುವು ಬಂದಾಗ ಉಸ್ತಾದರು ಗಾಡಿಯ ಜೊತೆಗೇ ವಾಲಿದರು. ನೇರ ದಾರಿಯಲ್ಲಿ ಏನೋ ಗುನುಗಿದರು.

ಸುತ್ತು ಮುಗಿಯಿತು. ಮಾದೇಶ ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿದ.

"ಈಗ ಹೇಳಿ ಉಸ್ತಾದ್."

"ಇನ್ನೊಂದು ಸುತ್ತು ಹೊಡಿ," ಎಂದರು ಉಸ್ತಾದರು.