ಸರಾಸರಿಗಿಂತ ಕೆಳಗಿದ್ದವರು

ಆ ಕಾಲೇಜಿನ ಬಿ.ಎಸ್ಸಿ. ಸಂಖ್ಯಾಶಾಸ್ತ್ರ ತರಗತಿಯಲ್ಲಿ ಇದ್ದದ್ದೇ ನಾಲ್ಕು ಜನ. ಹೊಸ ಪ್ರಿನ್ಸಿಪಾಲರು ನೋಟಿಸ್ ಹಾಕಿಸಿದರು: "ಟೆಸ್ಟಿನಲ್ಲಿ ತರಗತಿಯ ಸರಾಸರಿಗಿಂತ ಕಡಿಮೆ ತೆಗೆದವರು ತಂದೆಯನ್ನು ಕರೆತರತಕ್ಕದ್ದು."

ಆ ನಾಲ್ವರಲ್ಲಿ ಒಬ್ಬಳಾದ ನೀಲಾಂಬಿಕೆಯ ಅಪ್ಪ ಎರಡು ಸಲ ಅಕ್ಕಿ ಗಿರಣಿ ಕೆಲಸ ಬಿಟ್ಟು ಬಂದು ಕೈಕಟ್ಟಿ ನಿಂತಿದ್ದಾಯಿತು. ಅವಳಿಗೆ ತಲೆ ಕೆಟ್ಟುಹೋಯಿತು. ನೇರ ಪ್ರಿನ್ಸಿಪಾಲರ ಕೋಣೆಗೇ ಹೋದಳು.

"ಸರ್, ಎಲ್ಲರಿಗೂ ಒಂದೇ ಅಂಕ ಬಂದ್ರೆ ಸರಿ. ಇಲ್ಲದಿದ್ರೆ ಎಷ್ಟೇ ಓದಿದ್ರೂ ಯಾರಾದ್ರೂ ಒಬ್ರು ಸರಾಸರಿಗಿಂತ ಕೆಳಗೆ ಇದ್ದೇ ಇರ್ತಾರೆ!"

"ನೆಪ ಹೇಳ್ಬೇಡ. ನಾನು ಬರೆದಿದ್ರೆ ತೋರಿಸ್ತಿದ್ದೆ!"

"ಹಾಗಾದ್ರೆ ಮುಂದಿನ ಟೆಸ್ಟಿಗೆ ನೀವೂ ಕೂತ್ಕೊಳ್ಳಿ ಸರ್. ನಾವೂ ನೋಡಿ ಕಲೀತೀವಿ."

ಆಡಿದ ಮಾತು ನುಂಗುವ ಹಾಗಿರಲಿಲ್ಲ. ಪ್ರಿನ್ಸಿಪಾಲರು ಕೂತರು, ಬೆವರಿದರು, ಏನೋ ಬರೆದರು.

ಐವತ್ತಕ್ಕೆ ವಿದ್ಯಾರ್ಥಿಗಳದು ಮೂವತ್ತೊಂದು, ಮೂವತ್ತಮೂರು, ಮೂವತ್ತಾರು, ನಲವತ್ತು. ಪ್ರಿನ್ಸಿಪಾಲರದು ಐದು. ಐವರ ಸರಾಸರಿ ಇಪ್ಪತ್ತೊಂಬತ್ತು. ಅಂಕಪಟ್ಟಿ ನೋಡಿ ಪ್ರಿನ್ಸಿಪಾಲರ ಮುಖ ಹುಳ್ಳಗಾಯಿತು.

"ನಿಮ್ಮ ದಯದಿಂದ ನಾವು ನಾಲ್ವರೂ ಸರಾಸರಿ ದಾಟಿದ್ವಿ ಸರ್," ಎಂದು ನೀಲಾಂಬಿಕೆ ಕೈಮುಗಿದಳು. "ನಿಮ್ಮ ತಂದೆಯವರನ್ನ ಯಾವತ್ತು ಕರ್ಕೊಂಡು ಬರ್ತೀರಿ?"